ಅತಿವಾಹನ: ದಾರಿಯ ಪ್ರಮಾದದ ಒಂದು ಚರಿತ್ರೆ

ಬೆಳಗಿನ ಒಂಬತ್ತು ಗಂಟೆಯ ಹೊತ್ತಿಗೆ ಬೆಂಗಳೂರಿನ ಸಿಲ್ಕ್ ಬೋರ್ಡ್ ಕೂಡುರಸ್ತೆಯಲ್ಲಿಯೋ ಹುಬ್ಬಳ್ಳಿಯ ಚೆನ್ನಮ್ಮ ವೃತ್ತದಲ್ಲಿಯೋ ನಿಂತಿರುವ ಯಾವ ಚಾಲಕನನ್ನು ವಿಚಾರಿಸಿದರೂ ದೊರೆಯುವ ಉತ್ತರ ಒಂದೇ: ತಪ್ಪು ಎದುರಿನವನದು. ಕಾರಿನವನಿಗೆ ದ್ವಿಚಕ್ರದವನ ನುಸುಳುವಿಕೆಯ ಮೇಲೆ ಸಿಟ್ಟು, ದ್ವಿಚಕ್ರದವನಿಗೆ ಎಲ್ಲೆಂದರಲ್ಲಿ ತಿರುಗುವ ಆಟೋದ ಮೇಲೆ ಸಿಟ್ಟು, ಆಟೋದವನಿಗೆ ನಡುರಸ್ತೆಯಲ್ಲಿ ನಿಲ್ಲುವ ಬಸ್ಸಿನ ಮೇಲೆ ಸಿಟ್ಟು. ನಡೆದು ಹೋಗುವವನಿಗೆ ಇವರೆಲ್ಲರ ಮೇಲೆಯೂ ಸಿಟ್ಟು. ಆದರೆ ಅವನ ಮಾತನ್ನು ಕೇಳುವವರಿಲ್ಲ. ಹೀಗೆ ದಿನಕ್ಕೆರಡು ಬಾರಿ, ಹೋಗುವಾಗೊಮ್ಮೆ ಬರುವಾಗೊಮ್ಮೆ, ಸಾವಿರಾರು ಸಭ್ಯ ಗೃಹಸ್ಥರು ತಮ್ಮ ಮನೆಯೊಳಗೆ ಎಂದೂ ಆಡದ ಮಾತುಗಳನ್ನು ಗಾಜಿನ ಹಿಂದೆ ಕುಳಿತು ಆಡುತ್ತಾರೆ. ಇದು ಈ ಕಾಲದ ರೋಗವೆಂದು ಬಹುಮಂದಿಯ ಅಭಿಪ್ರಾಯ. ಚರಿತ್ರೆಯನ್ನು ನೋಡಿದರೆ ಹಾಗೆ ಕಾಣುವುದಿಲ್ಲ. ಗಾಲಿ ಹುಟ್ಟಿದಂದಿನಿಂದಲೂ ಈ ದೂರು ಇದೆ. ಬದಲಾಗುತ್ತ ಬಂದಿರುವುದು ಆ ದೂರಿಗೆ ಸಮಾಜವು ಕೊಟ್ಟ ಉತ್ತರ.

ಪ್ರಾಚೀನ ಭಾರತದ ವ್ಯವಹಾರ ಗ್ರಂಥಗಳಲ್ಲಿ ಈ ವಿಷಯಕ್ಕೆ ಸಾಕಷ್ಟು ಸ್ಥಳ ದೊರೆತಿದೆ. ಯಾರಿಗೆ ದಾರಿ ಬಿಡಬೇಕೆಂಬ ಪಟ್ಟಿಯು ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿದೆ: ಬಂಡಿಯಲ್ಲಿರುವವನಿಗೆ, ಅತಿವೃದ್ಧನಿಗೆ, ರೋಗಿಗೆ, ಹೊರೆ ಹೊತ್ತವನಿಗೆ, ಸ್ತ್ರೀಗೆ, ಸ್ನಾತಕನಿಗೆ, ರಾಜನಿಗೆ, ಮದುವಣಿಗನಿಗೆ. ರಾಜನಿಗಿಂತ ಮೊದಲು ಹೊರೆಯಾಳಿನ ಹೆಸರು ಬಂದಿರುವುದನ್ನು ಗಮನಿಸಬಹುದು. ಇನ್ನು ಎಂಟನೆಯ ಅಧ್ಯಾಯದಲ್ಲಿ ಬಂಡಿಯಿಂದಾದ ಅಪಘಾತದ ವಿಚಾರವಿದೆ. ಮೂಗುದಾರ ಹರಿದಾಗ, ನೊಗ ಮುರಿದಾಗ, ಅಚ್ಚು ಅಥವಾ ಗಾಲಿ ಮುರಿದಾಗ, ಬಂಡಿ ಅಡ್ಡಕ್ಕೋ ಹಿಂದಕ್ಕೋ ಸರಿದಾಗ, ಹೀಗೆ ಹತ್ತು ಸಂದರ್ಭಗಳಲ್ಲಿ ದಂಡವಿಲ್ಲ. ಆ ಹತ್ತರಲ್ಲಿ ಕೊನೆಯದು ಸ್ವಾರಸ್ಯವಾದುದು. ಬಂಡಿ ಹೊಡೆಯುವವನು 'ಸರಿಯಿರಿ' ಎಂದು ಗಟ್ಟಿಯಾಗಿ ಕೂಗಿದ್ದರೆ ಅವನಿಗೆ ದಂಡವಿಲ್ಲ. ಇಂದಿನ ಹಾರ್ನಿನ ಪೂರ್ವಜನು ಇವನೇ. ಕೂಗಿದೆನಾದ್ದರಿಂದ ನನ್ನ ಹೊಣೆ ತೀರಿತು, ಇನ್ನು ಸರಿಯುವುದು ಎದುರಿನವನ ಪಾಡು ಎಂಬ ಭಾವನೆಗೆ ಎರಡು ಸಾವಿರ ವರ್ಷಗಳ ಹಿರಿತನವಿದೆ. ಲಾರಿಗಳ ಬೆನ್ನ ಮೇಲೆ 'ಹಾರ್ನ್ ಓಕೆ ಪ್ಲೀಸ್' ಎಂದು ಬರೆಸುವುದನ್ನು ಮಹಾರಾಷ್ಟ್ರ ಸರಕಾರ 2015ರಲ್ಲಿ ನಿಷೇಧಿಸಿತು. ಬರಹ ಹೋಗಬಹುದು, ಭಾವನೆ ಅಷ್ಟು ಸುಲಭವಾಗಿ ಹೋಗುವಂಥದಲ್ಲ.

ಅದೇ ಪ್ರಕರಣದಲ್ಲಿ ಇನ್ನೊಂದು ವಿಧಿಯಿದೆ. ವ್ಯಾಪಾರಸ್ಥರು ಅದನ್ನು ಎರಡು ಬಾರಿ ಓದಬೇಕು. ಚಾಲಕನ ಅಕುಶಲತೆಯಿಂದ ಬಂಡಿ ದಾರಿ ತಪ್ಪಿ ಹಿಂಸೆಯಾದರೆ ದಂಡ ತೆರಬೇಕಾದವನು ಬಂಡಿಯ ಒಡೆಯ. ದಂಡ 200 ಪಣ. ಚಾಲಕನು ನುರಿತವನಾಗಿದ್ದೂ ತಪ್ಪು ಮಾಡಿದರೆ ಚಾಲಕನೇ ಹೊಣೆ. ನುರಿಯದವನೆಂದು ಗೊತ್ತಿದ್ದೂ ಅವನ ಬಂಡಿಯೇರಿ ಕುಳಿತವರಿಗೆಲ್ಲ ತಲೆಗೆ ನೂರು ಪಣ. ಒಡೆಯನ ಜೇಬಿಗೆ ಕೈ ಹಾಕದೆ ದಾರಿಯಲ್ಲಿ ಶಿಸ್ತು ಬರುವುದಿಲ್ಲವೆಂಬುದನ್ನು ಆ ಕಾಲದವರು ಬಲ್ಲರು.

ಇಷ್ಟಾದರೂ ಅದು ಅಪಘಾತವಾದ ಮೇಲಿನ ಲೆಕ್ಕ. ಗಾಯವಿಲ್ಲದಿದ್ದರೆ ಅಪರಾಧವೂ ಇಲ್ಲ. ಜೈನಾಚಾರ್ಯರ ವಿಚಾರಕ್ರಮವು ಬೇರೆಯಾಗುವುದು ಈ ಸ್ಥಳದಲ್ಲಿ. ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ ಸ್ಪಷ್ಟವಾಗಿ ಪ್ರತಿಪಾದಿಸಿರುವಂತೆ, ಜೀವವು ಸತ್ತರೂ ಬದುಕಿದರೂ ಯತ್ನವಿಲ್ಲದೆ ವರ್ತಿಸಿದವನಿಗೆ ಹಿಂಸೆಯು ನಿಶ್ಚಿತ. ಸಮಿತಿಯಿಂದ ನಡೆಯುವವನಿಗೆ ಕೇವಲ ಪ್ರಾಣಹಾನಿಯಾದ ಮಾತ್ರಕ್ಕೆ ಬಂಧವಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮುಂದಿಟ್ಟಿದೆ. ಈ ದೃಷ್ಟಿಯಿಂದ ನೋಡಿದರೆ, ಕೆಂಪು ದೀಪವನ್ನು ದಾಟಿ ಯಾರಿಗೂ ತಾಗದೆ ಪಾರಾದವನು ಅದೃಷ್ಟಶಾಲಿಯಲ್ಲ. ಅವನ ಖಾತೆಗೆ ಖರ್ಚು ಬಿದ್ದಾಗಿದೆ. ರಸೀತಿ ಮಾತ್ರ ಕೈಗೆ ಬಂದಿಲ್ಲ.

ಲೌಕಿಕ ಕಾನೂನು ಈ ಹಂತಕ್ಕೆ ಬಂದದ್ದು ಬಹಳ ತಡವಾಗಿ. ಭಾರತದಲ್ಲಿ 1860ರ ದಂಡಸಂಹಿತೆಯ 279ನೆಯ ಕಲಮು, ಸಾರ್ವಜನಿಕ ದಾರಿಯಲ್ಲಿ ಮಾನವ ಜೀವಕ್ಕೆ ಅಪಾಯವಾಗುವಂತೆ ದುಡುಕಿನಿಂದ ಅಥವಾ ಅಲಕ್ಷ್ಯದಿಂದ ವಾಹನ ನಡೆಸುವುದನ್ನೇ, ಯಾರಿಗೂ ಗಾಯವಾಗದಿದ್ದರೂ, ಅಪರಾಧವೆಂದು ಪರಿಗಣಿಸಿತು. ಆಗ ಮೋಟಾರು ಇರಲಿಲ್ಲ. ಸಾರೋಟು, ಟಾಂಗಾ, ಎತ್ತಿನ ಗಾಡಿಗಳಿಗಾಗಿ ಬರೆದ ವಿಧಿ ಅದು. ಗರಿಷ್ಠ ಶಿಕ್ಷೆ ಆರು ತಿಂಗಳ ಸೆರೆ ಅಥವಾ 1000 ರೂಪಾಯಿ ದಂಡ, ಇಲ್ಲವೆ ಎರಡೂ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 281ನೆಯ ಕಲಮಾಗಿದೆ. ದಂಡದ ಮೊತ್ತ ಇಂದಿಗೂ 1000 ರೂಪಾಯಿಯೇ. 1860ರಲ್ಲಿ ಸಾವಿರ ರೂಪಾಯಿ ತೆತ್ತವನು ಬಹುಶಃ ಗಾಡಿಯನ್ನೂ ಎತ್ತುಗಳನ್ನೂ ಮಾರಬೇಕಾಗುತ್ತಿತ್ತು. ಇಂದು ಅಷ್ಟರಲ್ಲಿ ಕಾರಿಗೆ ಹತ್ತು ಲೀಟರು ಪೆಟ್ರೋಲು ಬರುತ್ತದೆ. ನಾಣ್ಯದ ಬೆಲೆಯಿಳಿತವು ಕಾನೂನಿನ ಬೆಲೆಯನ್ನೂ ಇಳಿಸುವುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಮೋಟಾರಿನ ಯುಗದ ಚರಿತ್ರೆಗೆ ಇಂಗ್ಲೆಂಡನ್ನೇ ನೋಡಬೇಕು. ಎಡಬದಿಯ ಚಾಲನೆಯಿಂದ ಹಿಡಿದು ಪರವಾನಗಿಯವರೆಗೆ ಭಾರತದ ರಸ್ತೆಯ ಕಟ್ಟಳೆಗಳೆಲ್ಲ ಅಲ್ಲಿಂದ ಬಂದವು. 1865ರ ಕಾಯಿದೆಯ ಪ್ರಕಾರ ಯಂತ್ರಚಾಲಿತ ವಾಹನವು ಊರೊಳಗೆ ಗಂಟೆಗೆ 2 ಮೈಲಿ, ಹೊರಗೆ 4 ಮೈಲಿಗಿಂತ ಹೆಚ್ಚು ವೇಗದಲ್ಲಿ ಹೋಗಕೂಡದು. ಅದರ ಮುಂದೆ 60 ಗಜ ದೂರದಲ್ಲಿ ಒಬ್ಬನು ಕೆಂಪು ಬಾವುಟ ಹಿಡಿದು ನಡೆಯತಕ್ಕದ್ದು. ಇದನ್ನು ಓದಿ ನಗುವುದು ವಾಡಿಕೆ. ಆದರೆ ಆ ನಗೆಯಲ್ಲಿ ಒಂದು ಅಂಶ ಮರೆತುಹೋಗುತ್ತದೆ: ಆ ಕಾಲದ ಕಾನೂನಿನ ಕಣ್ಣಿಗೆ ದಾರಿಯು ನಡೆಯುವವನದು, ವಾಹನವು ಅತಿಥಿ. 1896ರ ನವೆಂಬರ್ 14ರಿಂದ ವೇಗಮಿತಿಯನ್ನು 14 ಮೈಲಿಗೆ ಏರಿಸಲಾಯಿತು. ಅದೇ ವರ್ಷದ ಆಗಸ್ಟ್ 17ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಆವರಣದಲ್ಲಿ ಬ್ರಿಜೆಟ್ ಡ್ರಿಸ್ಕಾಲ್ ಎಂಬ 44 ವರ್ಷದ ಮಹಿಳೆ ಪ್ರದರ್ಶನದ ಮೋಟಾರು ಕಾರೊಂದಕ್ಕೆ ಸಿಕ್ಕಿ ಮೃತಳಾಗಿದ್ದಳು. ಬ್ರಿಟನ್ನಿನಲ್ಲಿ ಮೋಟಾರು ಕಾರಿಗೆ ಬಲಿಯಾದ ಮೊದಲ ಪಾದಚಾರಿ ಆಕೆ. ಪಂಚರು ಅದನ್ನು ಆಕಸ್ಮಿಕ ಮರಣವೆಂದು ನಿರ್ಣಯಿಸಿದರು. ಇಂಥದು ಇನ್ನೊಮ್ಮೆ ನಡೆಯದಿರಲೆಂದು ಮರಣವಿಚಾರಣಾಧಿಕಾರಿ ಹಾರೈಸಿದನೆಂದು ಪ್ರತೀತಿ.

1903ರ ಕಾಯಿದೆಯು ನೋಂದಣಿ ಫಲಕವನ್ನೂ ಚಾಲನಾ ಪರವಾನಗಿಯನ್ನೂ ತಂದಿತು. ಮಿತಿ 20 ಮೈಲಿಗೆ ಏರಿತು. ಪರವಾನಗಿಗೆ ಬೇಕಾದುದು ಐದು ಷಿಲಿಂಗ್ ಮಾತ್ರ, ಪರೀಕ್ಷೆಯಿಲ್ಲ. ವೇಗಮಿತಿಯನ್ನು ಮೀರುವವರನ್ನು ಹಿಡಿಯಲು ಪೊಲೀಸರು ಪೊದೆಗಳ ಮರೆಯಲ್ಲಿ ಗಡಿಯಾರ ಹಿಡಿದು ಕುಳಿತರು. ಇದಕ್ಕೆ ಪ್ರತಿಯಾಗಿ 1905ರಲ್ಲಿ ವಾಹನವಂತರು ತಮ್ಮದೇ ಸಂಘವೊಂದನ್ನು ಕಟ್ಟಿಕೊಂಡರು. ಅದರ ಮೊದಲ ಉದ್ದೇಶ, ಸೈಕಲ್ ಸವಾರರನ್ನು ನೇಮಿಸಿ ಪೊಲೀಸರು ಎಲ್ಲಿ ಅಡಗಿದ್ದಾರೆಂದು ಸದಸ್ಯರಿಗೆ ಮುನ್ನೆಚ್ಚರಿಕೆ ಕೊಡುವುದು. 1909ರ ಸುಮಾರಿಗೆ ನ್ಯಾಯಾಲಯವು ಇದು ಪೊಲೀಸರ ಕರ್ತವ್ಯಕ್ಕೆ ಅಡ್ಡಿಯೆಂದು ತೀರ್ಪಿತ್ತಿತು. ಆಗ ಸಂಘವು ಹೂಡಿದ ಉಪಾಯ ಬುದ್ಧಿವಂತಿಕೆಯದು. ಸಂಘದ ಸವಾರನು ಸದಸ್ಯರ ಕಾರು ಬಂದಾಗಲೆಲ್ಲ ವಂದಿಸತಕ್ಕದ್ದು. ಎಂದಾದರೂ ವಂದಿಸದಿದ್ದರೆ ಕಾರು ನಿಲ್ಲಿಸಿ ಕಾರಣ ಕೇಳಿರೆಂದು ಸದಸ್ಯರಿಗೆ ಸೂಚನೆ. ವಂದಿಸದವನನ್ನು ಯಾವ ನ್ಯಾಯಾಲಯವೂ ಶಿಕ್ಷಿಸಲಾರದು. ಕೆಳವರ್ಗದವರಿಗೆ ರಸ್ತೆಯ ಶಿಸ್ತು ತಿಳಿಯದೆಂದು ದೂರುವವರು ಈ ಪ್ರಸಂಗವನ್ನು ನೆನಪಿಡಬೇಕು. ಕಾನೂನಿಗೆ ಕಣ್ಣು ಕಟ್ಟುವ ವಿದ್ಯೆಯನ್ನು ಸಂಘಟಿತವಾಗಿ ರೂಢಿಸಿದವರು ಅಂದಿನ ಅತ್ಯಂತ ಶ್ರೀಮಂತ, ಸುಶಿಕ್ಷಿತ ಜನ. ಮಾಯೆಯು ಕಷಾಯಗಳಲ್ಲಿ ಮೂರನೆಯದು. ಅದಕ್ಕೆ ವಿದ್ಯೆ ಬೇಕಾಗುತ್ತದೆ.

1930ರಲ್ಲಿ ಬ್ರಿಟನ್ ಕಾರುಗಳ ವೇಗಮಿತಿಯನ್ನೇ ತೆಗೆದುಹಾಕಿತು. ಮರುವರ್ಷ ಒಂದು ಪೆನ್ನಿ ಬೆಲೆಗೆ ರಸ್ತೆಯ ನಡಾವಳಿಯ ಕೈಪಿಡಿಯನ್ನು ಪ್ರಕಟಿಸಿ, ಸೌಜನ್ಯವನ್ನು ಬೋಧಿಸಿತು. ಸಜ್ಜನರಿಗೆ ಬೋಧನೆ ಸಾಕೆಂಬ ನಂಬಿಕೆ ಅದು. ಫಲ ಬೇಗನೆ ಕಂಡಿತು: 1934ರಲ್ಲಿ 7,343 ಮಂದಿ ರಸ್ತೆಯಲ್ಲಿ ಸತ್ತರು, ಸುಮಾರು ಅರ್ಧದಷ್ಟು ಪಾದಚಾರಿಗಳು. 1935ರ ಮಾರ್ಚಿನಿಂದ ಊರೊಳಗೆ 30 ಮೈಲಿಯ ಮಿತಿ ಮರಳಿತು, ಜೂನ್ 1ರಿಂದ ಚಾಲನಾ ಪರೀಕ್ಷೆ ಕಡ್ಡಾಯವಾಯಿತು. ಆದರೆ 1934ರ ಏಪ್ರಿಲ್ 1ಕ್ಕೆ ಮೊದಲೇ ಚಾಲಕರಾಗಿದ್ದವರಿಗೆ ಪರೀಕ್ಷೆಯಿಂದ ವಿನಾಯಿತಿ! 7,343 ಸಾವಿನ ಲೆಕ್ಕ ಬರೆದವರು ಅವರೇ ಆಗಿದ್ದರೂ ಜೀವಮಾನವಿಡೀ ಪರೀಕ್ಷೆ ಕೊಡದೆ ವಾಹನ ನಡೆಸಿದರು. ಇಂದು ಬ್ರಿಟನ್ನಿನಲ್ಲಿ ವಾಹನಗಳು 4 ಕೋಟಿಯನ್ನು ಮೀರಿವೆ. ವರ್ಷಕ್ಕೆ ಸಾಯುವವರು 1,600ರಿಂದ 1,700ರ ಆಸುಪಾಸು. ಅಲ್ಲಿಯ ಜನರ ಸ್ವಭಾವ ಸುಧಾರಿಸಿತೆಂದು ಇದರಿಂದ ತೀರ್ಮಾನಿಸಬೇಕಾಗಿಲ್ಲ. ಪರೀಕ್ಷೆ, ಮಿತಿ, ತನಿಖೆ, ರಸ್ತೆಯ ರಚನೆ, ಚಿಕಿತ್ಸೆ ಇವೆಲ್ಲ ಸೇರಿ, ಸ್ವಭಾವ ಹೇಗಿದ್ದರೂ ಹಾನಿ ಕಡಿಮೆಯಾಗುವಂತೆ ಮಾಡಿದವು.

ಭಾರತದಲ್ಲಿ 1914, 1939, 1988 ಹೀಗೆ ಮೂರು ಮೋಟಾರು ವಾಹನ ಕಾಯಿದೆಗಳು ಬಂದವು. 2019ರ ತಿದ್ದುಪಡಿಯು ದಂಡಗಳನ್ನು ಹಲವು ಪಟ್ಟು ಏರಿಸಿತು. ಕೇಂದ್ರ ಸರಕಾರದ ವರದಿಯ ಪ್ರಕಾರ 2022ರಲ್ಲಿ ಮೃತರ ಸಂಖ್ಯೆ 1,68,491. ಇವರಲ್ಲಿ 32,825 ಮಂದಿ ಪಾದಚಾರಿಗಳು. ಮೂಡಬಿದಿರೆಯಂಥ ಒಂದು ಪಟ್ಟಣದ ಜನರೆಲ್ಲ ವರ್ಷಕ್ಕೊಮ್ಮೆ ಮನೆಯಿಂದ ನಡೆದುಹೊರಟು ಮರಳಿ ಬಾರದಂತೆ ಈ ಲೆಕ್ಕ.

ಈ ಸಂಖ್ಯೆಗಳ ಹಿಂದೆ ದುರಭ್ಯಾಸವಿರುವುದು ನಿಜ. ಆದರೆ ದುರಭ್ಯಾಸವನ್ನು ಸಾಕಿದವರು ಯಾರು? ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಇಲ್ಲಿ ಅನಿರೀಕ್ಷಿತವಾಗಿ ನೆರವಿಗೆ ಬರುತ್ತದೆ. ಪರಿಗ್ರಹ ಪರಿಮಾಣ ವ್ರತದ ಐದು ಅತಿಚಾರಗಳನ್ನು ಹೇಳುವಾಗ ಆಚಾರ್ಯರು ಮೊದಲನೆಯದಾಗಿ 'ಅತಿವಾಹನ'ವನ್ನೂ ಕೊನೆಯದಾಗಿ 'ಅತಿಭಾರವಹನ'ವನ್ನೂ ಇಟ್ಟಿದ್ದಾರೆ. ಎತ್ತು ಮೊದಲಾದವು ಸುಖವಾಗಿ ನಡೆಯಬಲ್ಲ ದೂರಕ್ಕಿಂತ ಹೆಚ್ಚು ದೂರ ಅವುಗಳನ್ನು ನಡೆಸುವುದು ಅತಿವಾಹನ. ತತ್ತ್ವಾರ್ಥಸೂತ್ರದಲ್ಲಿ ಅತಿಭಾರವನ್ನು ಹೇರುವುದು ಅಹಿಂಸಾಣುವ್ರತದ ಅತಿಚಾರ. ಅಲ್ಲಿ ದೃಷ್ಟಿ ಪ್ರಾಣಿಯ ನೋವಿನ ಮೇಲೆ. ಸಮಂತಭದ್ರರಾದರೋ ಇವೆರಡನ್ನೂ ಲೋಭದ ಪಕ್ಕದಲ್ಲಿ, ಅತಿಸಂಗ್ರಹದ ಪಕ್ಕದಲ್ಲಿ ಕೂರಿಸಿದ್ದಾರೆ. ಬಂಡಿಯ ವೇಗವು ಬಂಡಿ ಹೊಡೆಯುವವನ ಕೈಯಲ್ಲಿ ಹುಟ್ಟುವುದಲ್ಲ, ಸರಕಿನ ಒಡೆಯನ ಮನಸ್ಸಿನಲ್ಲಿ ಹುಟ್ಟುತ್ತದೆ ಎಂಬ ಅರಿವು ಈ ವರ್ಗೀಕರಣದೊಳಗಿದೆ. ಹಗೇವು, ಗಾಡಿ, ಸಂತೆಗಳ ನಡುವೆ ಬಾಳುತ್ತಿದ್ದ ಶ್ರಾವಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಇಂದಿನ ಸ್ಥಿತಿಯನ್ನು ಇದರ ಪಕ್ಕದಲ್ಲಿ ಇಟ್ಟು ನೋಡಬಹುದು. ಹೊರೆಯೆಳೆಯುವ ಪ್ರಾಣಿಗಳ ಕುರಿತಾದ 1965ರ ನಿಯಮಗಳಂತೆ ಎತ್ತನ್ನು ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು, ವಿಶ್ರಾಂತಿಯಿಲ್ಲದೆ ಒಂದೇ ಸಮನೆ ಐದು ಗಂಟೆಗಿಂತ ಹೆಚ್ಚು ದುಡಿಸಕೂಡದು. ಮೋಟಾರು ಸಾರಿಗೆ ಕೆಲಸಗಾರರ 1961ರ ಕಾಯಿದೆಯು ಚಾಲಕನಿಗೆ ದಿನಕ್ಕೆ ಎಂಟು ಗಂಟೆಯ ಕೆಲಸ, ಐದು ಗಂಟೆಗೊಮ್ಮೆ ಅರ್ಧ ಗಂಟೆಯ ವಿರಾಮ ಎಂದು ನಿಗದಿಪಡಿಸಿತ್ತು. ಐದು ಗಂಟೆಯ ವಿಷಯದಲ್ಲಿ ಎತ್ತಿಗೂ ಮನುಷ್ಯನಿಗೂ ಒಂದೇ ಅಳತೆ. ಆದರೆ ಮುಂಬಯಿಯಿಂದ ರಾತ್ರಿ ಹೊರಟ ಸರಕು ಬೆಳಗಿನ ಅಂಗಡಿ ತೆರೆಯುವ ಹೊತ್ತಿಗೆ ಹುಬ್ಬಳ್ಳಿಯಲ್ಲಿರಬೇಕೆಂದು ದೂರವಾಣಿಯಲ್ಲಿ ಒತ್ತಾಯಿಸುವ ವರ್ತಕನಿಗೆ ಈ ಅಳತೆ ನೆನಪಿರುತ್ತದೆಯೆ? ಹತ್ತು ಟನ್ನಿನ ಲಾರಿಗೆ ಹದಿನೈದು ಟನ್ನು ಹೇರಿಸಿ ಬಾಡಿಗೆ ಉಳಿಸಿದವನು, ಮಾರನೆಯ ದಿನ ತನ್ನ ಕಾರಿನ ಮುಂದೆ ಏದುಸಿರು ಬಿಡುತ್ತ ದಿಣ್ಣೆಯೇರುವ ಅಂಥದೇ ಲಾರಿಯನ್ನು ಶಪಿಸುತ್ತಾನೆ. ನಿಮಿಷಗಳ ಲೆಕ್ಕದಲ್ಲಿ ಮನೆಬಾಗಿಲಿಗೆ ಸಾಮಾನು ತರಿಸಿಕೊಳ್ಳುವ ಗೃಹಸ್ಥರು, ಫುಟ್‌ಪಾತಿನ ಮೇಲೇರಿ ಬರುವ ಅದೇ ಹುಡುಗನನ್ನು ಕಂಡು ಈಗಿನವರಿಗೆ ಸಂಸ್ಕಾರವಿಲ್ಲವೆನ್ನುತ್ತಾರೆ. ಮನುಸ್ಮೃತಿಯಲ್ಲಾದರೂ ಒಡೆಯನಿಗೆ 200 ಪಣವಿತ್ತು.

ಅನರ್ಥದಂಡ ವ್ರತದ ವಿಚಾರವೂ ಇಲ್ಲಿ ಪ್ರಸ್ತುತ. ಅದರ ಐದು ಭೇದಗಳಲ್ಲಿ ಒಂದು ಹಿಂಸಾದಾನ: ಕೊಡಲಿ, ಖಡ್ಗ, ಬೆಂಕಿ, ವಿಷ ಮೊದಲಾದ ಹಿಂಸೆಯ ಸಾಧನಗಳನ್ನು ಇನ್ನೊಬ್ಬರ ಕೈಗೆ ಕೊಡುವುದು. ಹದಿನೈದು ಹದಿನಾರರ ಮಗನಿಗೆ ಪಾಠಕ್ಕೆ ಹೋಗಿಬರಲೆಂದು ಗೇರಿನ ಮೋಟಾರು ಸೈಕಲ್ಲು ಕೊಡಿಸುವ ತಂದೆಗೆ ತಾನು ಈ ಪಟ್ಟಿಯೊಳಗೆ ಬರುತ್ತೇನೆಂಬ ಅನುಮಾನ ಸಹ ಇರುವುದಿಲ್ಲ. 2019ರ ತಿದ್ದುಪಡಿಯಲ್ಲಿ ಸೇರಿಸಲಾದ 199ಎ ಕಲಮಿನಂತೆ, ಅಪ್ರಾಪ್ತನು ವಾಹನ ನಡೆಸಿ ಅಪರಾಧವೆಸಗಿದರೆ ಪೋಷಕನಿಗೆ ಅಥವಾ ವಾಹನದ ಒಡೆಯನಿಗೆ ಮೂರು ವರ್ಷಗಳವರೆಗಿನ ಸೆರೆ, 25,000 ರೂಪಾಯಿ ದಂಡ. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು. ಸಮಂತಭದ್ರರ ಪಟ್ಟಿಗೆ ಸಂಸತ್ತು ಹೊಸ ಹೆಸರೊಂದನ್ನು ಸೇರಿಸಿದಂತಾಯಿತು. ಅನುಕೂಲವಂತ ಮನೆಗಳಲ್ಲಿ ಈ ಕಲಮಿಗಿಂತ ಮಗನ ಹಟವೇ ಇಂದಿಗೂ ಬಲಶಾಲಿ.

ಇನ್ನು ಆ ಸಿಟ್ಟಿನ ಮಾತು. ಚಾವುಂಡರಾಯನಿಗಾಗಿ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ರಚಿಸಿದ ಗೊಮ್ಮಟಸಾರದಲ್ಲಿ ಕ್ರೋಧಕ್ಕೆ ನಾಲ್ಕು ಹೋಲಿಕೆಗಳಿವೆ: ಕಲ್ಲಿನ ಗೆರೆ, ನೆಲದ ಗೆರೆ, ಧೂಳಿನ ಗೆರೆ, ನೀರಿನ ಗೆರೆ. ಅವುಗಳ ವಾಸನೆ ಉಳಿಯುವ ಕಾಲವನ್ನೂ ಅದೇ ಗ್ರಂಥದ ಕರ್ಮಕಾಂಡ ನಿರ್ದೇಶಿಸುತ್ತದೆ. ಸಂಜ್ವಲನವು ಅಂತರ್ಮುಹೂರ್ತ, ಪ್ರತ್ಯಾಖ್ಯಾನಾವರಣವು ಒಂದು ಪಕ್ಷ, ಅಪ್ರತ್ಯಾಖ್ಯಾನಾವರಣವು ಆರು ತಿಂಗಳು, ಅನಂತಾನುಬಂಧಿಯು ಭವಭವಾಂತರ. ಮುಹೂರ್ತವೆಂದರೆ 48 ನಿಮಿಷ. ಬೆಂಗಳೂರಿನಲ್ಲಿ ಅನೇಕರಿಗೆ ಕಚೇರಿಯ ದಾರಿಯೇ ಅದಕ್ಕಿಂತ ದೀರ್ಘ. ಮೊದಲ ಸಿಗ್ನಲ್ಲಿನಲ್ಲಿ ಅಡ್ಡ ಬಂದವನ ಮೇಲೆ ಎಳೆದ ಗೆರೆ ನೀರಿನದಾಗಿದ್ದರೆ ಕಚೇರಿಯ ಮೆಟ್ಟಿಲೇರುವ ಮೊದಲೇ ಅಳಿಯಬೇಕು. ಅಳಿಯುವುದಿಲ್ಲವೇಕೆಂದರೆ ಅದರ ಮೇಲೆಯೇ ಎರಡನೆಯ ಗೆರೆ ಬೀಳುತ್ತದೆ, ಸಂಜೆಗೆ ಮೂರನೆಯದು, ಮರುದಿನ ಮತ್ತೆ. ಸಂಚಾರದ ಕ್ರೋಧವು ಒಬ್ಬ ವ್ಯಕ್ತಿಯ ಮೇಲಿನದಲ್ಲ. ಆ ವ್ಯಕ್ತಿ ಮರುಕ್ಷಣವೇ ಕಣ್ಮರೆಯಾಗುತ್ತಾನೆ. ಹಗೆಗೆ ಗುರಿಯಿಲ್ಲದ ಕಾರಣ ಕ್ಷಮೆಗೂ ಗುರಿಯಿಲ್ಲ. ದಶಲಕ್ಷಣ ಪರ್ವದ ನಂತರ ಕ್ಷಮಾವಣಿಯಂದು ಬಂಧುಗಳನ್ನು, ಗುಮಾಸ್ತರನ್ನು, ವ್ಯವಹಾರದ ಪಾಲುದಾರರನ್ನು ಕ್ಷಮೆ ಕೇಳುವ ಪದ್ಧತಿಯಿದೆ. ವರ್ಷಾದ್ಯಂತ ಅತಿ ಹೆಚ್ಚು ಕಟುಮಾತು ಯಾರ ಮೇಲೆ ಖರ್ಚಾಯಿತೋ ಆ ಅಪರಿಚಿತರಿಗೆ ಪತ್ರ ಹಾಕಲು ವಿಳಾಸವೇ ಇಲ್ಲ.

ಈ ವಿಷಯವು ಸಮಾಜಕ್ಕೆ ಕೇವಲ ವಿಚಾರದ್ದಾಗಿ ಉಳಿಯದಿರುವುದಕ್ಕೆ ಮುಖ್ಯ ಕಾರಣ ತ್ಯಾಗಿಗಳ ವಿಹಾರ. ವಟ್ಟಕೇರಾಚಾರ್ಯರ ಮೂಲಾಚಾರದಲ್ಲಿ ವಿಧಿಸಿರುವ ಈರ್ಯಾಸಮಿತಿಯಂತೆ ಮುನಿಯು ಹಗಲಿನಲ್ಲಿ, ಜನರು ಓಡಾಡಿ ಪ್ರಾಸುಕವಾದ ದಾರಿಯಲ್ಲಿ, ನೊಗದುದ್ದ ಅಂದರೆ ನಾಲ್ಕು ಮೊಳದ ಮುಂದಿನ ನೆಲವನ್ನು ನೋಡುತ್ತ ನಡೆಯತಕ್ಕದ್ದು. ಜನರು ಓಡಾಡುವ ದಾರಿಯೇ ಇಂದು ರಾಷ್ಟ್ರೀಯ ಹೆದ್ದಾರಿಯಾಗಿದೆ. ದೃಷ್ಟಿಯನ್ನು ನಾಲ್ಕು ಮೊಳದ ನೆಲಕ್ಕೆ ನೆಟ್ಟವರು ಹಿಂದಿನಿಂದ ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಬರುವುದನ್ನು ಕಾಣಲಾರರು. ಇರುವೆಗೆ ದಾರಿ ಬಿಡಲೆಂದು ಮಾಡಿದ ನಿಯಮವು ಲಾರಿಯಿಂದ ರಕ್ಷಣೆ ಕೊಡುವುದಕ್ಕೆ ಮಾಡಿದುದಲ್ಲ. ದಿಗಂಬರ, ಶ್ವೇತಾಂಬರ ಎರಡೂ ಸಂಘಗಳ ಸಾಧುಸಾಧ್ವಿಯರು ದೇಶದ ಹಲವು ಹೆದ್ದಾರಿಗಳಲ್ಲಿ ಹೀಗೆ ವಾಹನಕ್ಕೆ ಸಿಕ್ಕಿ ದೇಹ ಬಿಟ್ಟಿದ್ದಾರೆ. ಬಿಸಿಲಿಗೂ ವಾಹನಗಳ ದಟ್ಟಣೆಗೂ ಅಂಜಿ ನಸುಕಿನಲ್ಲೇ ವಿಹಾರ ಆರಂಭಿಸುವ ರೂಢಿ ಕೆಲವೆಡೆ ಬೆಳೆದಿದೆ. ಮಬ್ಬುಗತ್ತಲೆಯಲ್ಲಿ ನಿದ್ದೆಗೆಟ್ಟ ಚಾಲಕನಿಗೆ ರಸ್ತೆಯಂಚಿನ ಮನುಷ್ಯರು ಕಾಣದಿರುವ ಹೊತ್ತೇ ಅದು. ಹಗಲಿನಲ್ಲಿ ಎಂಬ ಆಚಾರ್ಯರ ಮಾತು ಶಾಸ್ತ್ರದ ದೃಷ್ಟಿಯಿಂದಲೂ ಸುರಕ್ಷತೆಯ ದೃಷ್ಟಿಯಿಂದಲೂ ಇಲ್ಲಿ ಒಂದಾಗುತ್ತದೆ. ಆದ್ದರಿಂದ ವಿಹಾರದ ಹೊತ್ತನ್ನು ಸೂರ್ಯೋದಯದ ನಂತರಕ್ಕೆ ಗೊತ್ತುಮಾಡಬೇಕೆಂದು ಸಂಘಗಳಲ್ಲಿ ವಿನಯಪೂರ್ವಕ ಬಿನ್ನಹ ಮಾಡುವುದು ಶ್ರಾವಕರಿಗೆ ತಪ್ಪಲ್ಲ.

ಬಸದಿಯ ವಿಶ್ವಸ್ತ ಮಂಡಳಿಗಳಿಗೂ ಇಲ್ಲಿ ಮಾಡಬಹುದಾದ ಕೆಲಸವಿದೆ. ವಿಹಾರ ಹೊರಡುವ ಮೊದಲು ಆಯಾ ಠಾಣೆಗೆ ಲಿಖಿತವಾಗಿ ತಿಳಿಸುವುದು, ಗುಂಪಿನ ಹಿಂದೆ ಐವತ್ತು ಅರುವತ್ತು ಗಜ ದೂರದಲ್ಲಿ ಹೊಳೆಯುವ ಪಟ್ಟಿಯ ಅಂಗಿ ತೊಟ್ಟ ಇಬ್ಬರು ಸ್ವಯಂಸೇವಕರನ್ನು ಕೆಂಪು ಬಾವುಟ ಸಹಿತ ನಡೆಸುವುದು, ಸಾಧ್ಯವಿದ್ದೆಡೆ ಹೆದ್ದಾರಿ ಬಿಟ್ಟು ಹಳೆಯ ಊರದಾರಿಯನ್ನು ಆರಿಸುವುದು. 1865ರ ಆಂಗ್ಲರ ಬಾವುಟವು ವಾಹನದ ಮುಂದೆ ನಡೆಯುತ್ತಿತ್ತು. ಇದು ಮನುಷ್ಯರ ಹಿಂದೆ. ಜೊತೆಗೆ ಇನ್ನೊಂದು. ಪರ್ವದ ದಿನಗಳಲ್ಲಿ ಅಭಿಷೇಕದ ಹೊತ್ತಿಗೆ ಬಸದಿಯ ಬೀದಿಯಲ್ಲಿ ಎರಡು ಸಾಲು ಕಾರು ನಿಂತು, ಪಕ್ಕದ ಮನೆಯ ರೋಗಿಯನ್ನು ಆಸ್ಪತ್ರೆಗೆ ಒಯ್ಯಲು ಆಟೋ ಸಹ ಒಳಬರಲಾರದ ಸ್ಥಿತಿ ಹಲವು ಊರುಗಳಲ್ಲಿದೆ. ಕಾರಿನ ಒಡೆಯನು ಒಳಗೆ ಶಾಂತಿಮಂತ್ರ ಕೇಳುತ್ತಿರುತ್ತಾನೆ, ಹೊರಗೆ ಹಾರ್ನು ಕೂಗುತ್ತಿರುತ್ತದೆ. ಆ ದಿನಗಳಲ್ಲಿ ಹತ್ತಿರದ ಶಾಲೆಯ ಬಯಲನ್ನು ಕೇಳಿ ಪಡೆದು, ವಾಹನಗಳನ್ನು ಅಲ್ಲಿಯೇ ನಿಲ್ಲಿಸಿ ಉಳಿದ ದೂರವನ್ನು ನಡೆದು ಬರಬೇಕೆಂದು ಆಮಂತ್ರಣ ಪತ್ರಿಕೆಯಲ್ಲಿಯೇ ಅಚ್ಚು ಹಾಕಿಸಿದರೆ ಖರ್ಚು ಒಂದು ಸಾಲಿನದು. ಮುನಿಸಂಘವು ನೂರಾರು ಮೈಲಿ ನಡೆದು ಬಂದಿರುವ ಊರಿನಲ್ಲಿ ಶ್ರಾವಕರು ಎರಡು ಫರ್ಲಾಂಗು ನಡೆಯುವುದಕ್ಕೆ ವಯಸ್ಸಾದವರನ್ನು ಬಿಟ್ಟು ಮತ್ತಾರೂ ಕಾರಣ ಹೇಳಲಾರರು.